ಬೀದಿಯ ಬೋಧಕನಿಗೆ ನಮ್ಮ ಉತ್ತರವೇನು?

ಹೋದ ಬೇಸಿಗೆಯಲ್ಲಿ ಊರಿನಿಂದ ನಮ್ಮಪ್ಪ ಬಂದಿದ್ದರು. ಬಂದವರಿಗೆಲ್ಲ ನಾವು ಹಾಫ್‌ಮನ್ ಎಸ್ಟೇಟ್ಸ್ ಕಡೆಯವರು ಮಾಡಿಸುವ ಚಿಕಾಗೋ ದರ್ಶನ ಅವರಿಗೂ ಆಯಿತು. ಷಾಂಬರ್ಗ್ ಸ್ಟೇಷನ್ನಿನಲ್ಲಿ ಕಾರು ನಿಲ್ಲಿಸಿ ಟ್ರೈನು ಹತ್ತಿದೆವು. ಮಿಲೇನಿಯಮ್ ಪಾರ್ಕಿನ ‘ಬೀನ್’ ಮುಂದೆ ಫೋಟೋ, ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆ, ಆಮೇಲೆ ಆರ್ಟ್ ಇನ್‌ಸ್ಟಿಟ್ಯೂಟ್. ಇದು ವಿವೇಕಾನಂದರು ಮಾತಾಡಿದ ಜಾಗ ಎಂದು ಅಪ್ಪ ಮೆಟ್ಟಿಲ ಬಳಿ ಕೈಮುಗಿದು ನಿಂತರು. ಯೂನಿಯನ್ ಸ್ಟೇಷನ್ ಕಡೆಗೆ ವಾಪಸು ನಡೆಯುವಾಗ, ಅಲ್ಲಿಂದ ಎರಡೇ ಬ್ಲಾಕು ದೂರದ ಸ್ಟೇಟ್ ಸ್ಟ್ರೀಟಿನ ಮೂಲೆಯಲ್ಲಿ ಒಬ್ಬ ಮನುಷ್ಯ ಮೆಗಾಫೋನು ಹಿಡಿದು ನಿಂತಿದ್ದ. ನೀವೂ ನೋಡಿರುತ್ತೀರಿ. ನಾವು ನೋಡದವರ ಹಾಗೆ ಹೆಜ್ಜೆ ಜೋರು ಮಾಡಿದೆವು. ಅವನ ಜೊತೆಯಲ್ಲಿದ್ದವನು ಕೊಟ್ಟ ಪುಟ್ಟ ಚಿತ್ರಪುಸ್ತಕವನ್ನು ಒಂಬತ್ತು ವರ್ಷದ ಮಗಳು ಇಸಿದುಕೊಂಡಳು.

ಟ್ರೈನಿನಲ್ಲಿ ಕೂತು ಅದನ್ನು ಪೂರ್ತಿ ಓದಿದಳು. ಒಬ್ಬ ಒಳ್ಳೆಯ ಮನುಷ್ಯ. ಯಾರಿಗೂ ಮೋಸ ಮಾಡಿದವನಲ್ಲ. ಸತ್ತ ಮೇಲೆ ದೇವರ ಮುಂದೆ ನಿಲ್ಲುತ್ತಾನೆ. ಯೇಸುವನ್ನು ನಂಬಿರಲಿಲ್ಲವಾದ್ದರಿಂದ ಬೆಂಕಿಗೆ ಬೀಳುತ್ತಾನೆ. ಇಷ್ಟೇ ಕಥೆ. ಮಗಳು ತಲೆಯೆತ್ತಿ ಕೇಳಿದಳು:

“ಅಪ್ಪಾ, ಅಜ್ಜಿ ಜೀಸಸ್‌ನ ನಂಬ್ತಿದ್ರಾ?”

“ಇಲ್ಲಮ್ಮ. ಅಜ್ಜಿ ರಾಮನ ಪೂಜೆ ಮಾಡ್ತಿದ್ರು.”

“ಹಾಗಾದ್ರೆ ಅಜ್ಜಿ ಈಗ ಹೆಲ್‌ನಲ್ಲಿ ಇದಾರಾ?”

ನಮ್ಮಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅಪ್ಪ ಕಿಟಕಿಯ ಕಡೆಗೆ ತಿರುಗಿದರು. ನಾನು ನಮ್ಮ ಮಾಮೂಲು ಉತ್ತರ ಕೊಟ್ಟೆ: “ಛೆ, ಹಾಗೆಲ್ಲ ಇಲ್ಲ ಪುಟ್ಟಿ. ಎಲ್ಲ ದೇವರೂ ಒಂದೇ.”

“ಆದ್ರೆ ಆ ಅಂಕಲ್ ಒಂದೇ ಅಲ್ಲ ಅಂದ್ರಲ್ಲ. ಅವರು ಸುಳ್ಳು ಹೇಳ್ತಾರಾ?”

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಬರುವ ಸ್ಟೇಷನ್ನುಗಳ ಹೆಸರು ಓದುತ್ತ ಮಾತು ಮರೆಸಿದೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆ ಮನುಷ್ಯ ನಿಜಕ್ಕೂ ಏನು ನಂಬುತ್ತಾನೆ ಎಂಬುದನ್ನೇ ತಿಳಿಯದೆ ಮಗುವಿಗೆ ಏನು ಹೇಳುವುದು? ಹಾಗಾಗಿ ಕೆಲವು ತಿಂಗಳು ಲೈಬ್ರರಿಯಲ್ಲಿ ಕೂತು ಓದಿದೆ, ಆಫೀಸಿನ ಕ್ರೈಸ್ತ ಮಿತ್ರರನ್ನು ಕೇಳಿದೆ. ಓದಿ ಕೇಳಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಬೀದಿಯಲ್ಲಿ ನಿಂತು ಸಾರುವ ಸಂಪ್ರದಾಯಸ್ಥ ಪ್ರಾಟೆಸ್ಟೆಂಟ್ ಬೋಧಕರ ಮೂಲ ನಂಬಿಕೆ ಸರಳವಾದದ್ದು. ಬೈಬಲ್ ದೇವರ ಮಾತು, ಅದರಲ್ಲಿ ತಪ್ಪಿಲ್ಲ. ಹುಟ್ಟಿದ ಪ್ರತಿಯೊಬ್ಬನೂ ಪಾಪಿ. ದೇವರ ಪಾವಿತ್ರ್ಯದ ಅಳತೆಗೆ ಯಾರೂ ಮುಟ್ಟಲಾರರು. ಪಾಪಕ್ಕೆ ಶಿಕ್ಷೆ ಆಗಲೇಬೇಕು. ಆ ಶಿಕ್ಷೆಯನ್ನು ನಮ್ಮ ಬದಲಿಗೆ ಯೇಸು ಶಿಲುಬೆಯ ಮೇಲೆ ಅನುಭವಿಸಿದ, ಸತ್ತು ದೇಹಸಹಿತ ಎದ್ದುಬಂದ, ಮತ್ತೆ ಬರುತ್ತಾನೆ. ಅವನನ್ನು ನಂಬಿದವನಿಗೆ ರಕ್ಷಣೆ. ನಂಬದವನಿಗೆ ಕೊನೆಯಿಲ್ಲದ ನರಕ. ಒಳ್ಳೆಯ ಕೆಲಸ, ದಾನಧರ್ಮ ಇವುಗಳಿಂದ ಯಾರೂ ಸ್ವರ್ಗವನ್ನು ಸಂಪಾದಿಸಲಾಗದು. ಅದು ಕೃಪೆ, ಪುಕ್ಕಟೆ ಬರುವ ದಾನ. ಮಗಳು ಓದಿದ ಕಥೆಯಲ್ಲಿ ಒಳ್ಳೆಯವನು ಬೆಂಕಿಗೆ ಬಿದ್ದದ್ದು ಯಾಕೆ ಎಂಬುದಕ್ಕೆ ಕಾರಣ ಇದು. ಅವರ ಲೆಕ್ಕದಲ್ಲಿ ‘ಒಳ್ಳೆಯವನು’ ಎಂಬ ವರ್ಗವೇ ಇಲ್ಲ.

ಒಂದು ಎಚ್ಚರಿಕೆ. ವೀಕೆಂಡಿನಲ್ಲಿ ನಮ್ಮ ಮನೆಬಾಗಿಲು ತಟ್ಟುವವರೆಲ್ಲ ಇವರೇ ಅಲ್ಲ. ‘ಕಾವಲಿನಬುರುಜು’ ಪತ್ರಿಕೆಯನ್ನು ಕನ್ನಡದಲ್ಲೂ ತಂದುಕೊಡುವ ಯೆಹೋವನ ಸಾಕ್ಷಿಗಳು ಬೆಂಕಿಯ ನರಕವನ್ನು ಒಪ್ಪುವುದೇ ಇಲ್ಲ. ಬಿಳಿ ಷರಟಿನ ಮೇಲೆ ಹೆಸರಿನ ಬಿಲ್ಲೆ ಹಾಕಿಕೊಂಡು ಜೋಡಿಯಾಗಿ ಬರುವ ಮಾರ್ಮನ್ ಹುಡುಗರ ನಂಬಿಕೆಯೂ ಬೇರೆ; ಸತ್ತವರ ಪರವಾಗಿ ಬದುಕಿರುವವರು ದೀಕ್ಷಾಸ್ನಾನ ಪಡೆಯುವ ಪದ್ಧತಿ ಅವರಲ್ಲಿದೆ. ಎಲ್ಲರನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ, ನಮ್ಮನ್ನೆಲ್ಲ ‘ಹರೇ ಕೃಷ್ಣದವರು’ ಅನ್ನುವವರಿಗೂ ನಮಗೂ ವ್ಯತ್ಯಾಸ ಉಳಿಯುವುದಿಲ್ಲ.

ಈ ನಂಬಿಕೆಗೂ ನಾವಿರುವ ಊರಿಗೂ ಹತ್ತಿರದ ಸಂಬಂಧವಿದೆ. ಚಿಕಾಗೋದಲ್ಲಿ ಡ್ವೈಟ್ ಮೂಡಿ ಎಂಬ ಬೋಧಕ 1886ರಲ್ಲಿ ಆರಂಭಿಸಿದ ಬೈಬಲ್ ಶಾಲೆ ಇವತ್ತಿಗೂ ನಡೆಯುತ್ತಿದೆ. 1910ರಿಂದ 1915ರವರೆಗೆ ‘ದಿ ಫಂಡಮೆಂಟಲ್ಸ್’ ಎಂಬ ಹನ್ನೆರಡು ಸಂಪುಟಗಳು ಇಲ್ಲಿಂದಲೇ ಪ್ರಕಟವಾಗಿ, ಕ್ಯಾಲಿಫೋರ್ನಿಯಾದ ಎಣ್ಣೆ ವ್ಯಾಪಾರಿಯೊಬ್ಬರ ಹಣದಿಂದ ಪಾದ್ರಿಗಳಿಗೆ ಪುಕ್ಕಟೆ ಹಂಚಲ್ಪಟ್ಟವು. ‘ಫಂಡಮೆಂಟಲಿಸ್ಟ್’ ಎಂಬ ಪದ 1920ರಲ್ಲಿ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಬಿಲ್ಲಿ ಸಂಡೇ ಎಂಬ ಬೇಸ್‌ಬಾಲ್ ಆಟಗಾರ 1880ರ ದಶಕದಲ್ಲಿ ಇದೇ ಊರಿನ ಬೀದಿಯಲ್ಲಿ ಪೆಸಿಫಿಕ್ ಗಾರ್ಡನ್ ಮಿಷನ್‌ನವರ ಹಾಡು ಕೇಳಿ ಮನಸ್ಸು ತಿರುಗಿ, ಮುಂದೆ ಇಡೀ ದೇಶಕ್ಕೆ ಹೆಸರಾದ ಬೋಧಕನಾದ. ಆ ಮಿಷನ್ 1877ರಿಂದ ಇದೆ. ಮನೆಯಿಲ್ಲದವರಿಗೆ ಊಟ, ಹಾಸಿಗೆ ಇವತ್ತೂ ಕೊಡುತ್ತಿದೆ. ಮೂಲೆಯಲ್ಲಿ ಕೂಗುವವನನ್ನು ನೋಡಿ ನಗುವ ಮುಂಚೆ ಇದೂ ನಮಗೆ ಗೊತ್ತಿರಬೇಕು.

ಸರಿ, ನಂಬಲಿ. ಕೂಗುವುದೇಕೆ? ಅದಕ್ಕೂ ಅವರಲ್ಲಿ ಉತ್ತರವಿದೆ. ಯೆಹೆಜ್ಕೇಲನ ಗ್ರಂಥದಲ್ಲಿ ಕಾವಲುಗಾರನ ಮಾತು ಬರುತ್ತದೆ. ಶತ್ರು ಬರುವುದನ್ನು ಕಂಡೂ ಕೊಂಬು ಊದದ ಕಾವಲುಗಾರನ ಮೇಲೆ ಸತ್ತವರ ರಕ್ತದ ಹೊಣೆ ಬರುತ್ತದೆ ಎಂಬ ಅರ್ಥದ ಮಾತು. ನಾವೇ ಯೋಚಿಸೋಣ. ಕಣ್ಣು ಕಾಣದವನೊಬ್ಬ ಕಟ್ಟೆಯಿಲ್ಲದ ಬಾವಿಯ ಕಡೆಗೆ ನಡೆಯುತ್ತಿದ್ದಾನೆ. ನಾವು ಮರ್ಯಾದೆಗೆ ಅಂಜಿ ಸುಮ್ಮನಿರುತ್ತೇವೆಯೆ? ಕೂಗುತ್ತೇವೆ. ಅವನು ಬೈದರೂ ಕೂಗುತ್ತೇವೆ. ಬಾವಿ ಇದೆ ಎಂದು ಮನಸಾರೆ ನಂಬಿದವನಿಗೆ ಕೂಗುವುದು ಉಪದ್ರವವಲ್ಲ, ಕರ್ತವ್ಯ. ನಂಬಿಯೂ ಸುಮ್ಮನಿರುವ ಸಭ್ಯ ಸಹೋದ್ಯೋಗಿಗಿಂತ ಬಿಸಿಲಿನಲ್ಲಿ ನಿಂತು ಬೈಸಿಕೊಳ್ಳುವ ಈತನೇ ತನ್ನ ನಂಬಿಕೆಗೆ ನಿಷ್ಠನಲ್ಲವೆ?

ಇಷ್ಟನ್ನು ಒಪ್ಪಿದ ಮೇಲೆ ‘ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ’ ಎಂದು ಬೀಗುವುದೂ ಕಷ್ಟವಾಗುತ್ತದೆ. ಕೃಪೆ ದೊಡ್ಡದೋ ಪ್ರಯತ್ನ ದೊಡ್ಡದೋ ಎಂಬ ಜಗಳ ಶ್ರೀವೈಷ್ಣವರಿಗೆ ಹೊಸದಲ್ಲ. ಮರಿಕೋತಿ ತಾನೇ ತಾಯಿಯ ಹೊಟ್ಟೆಯನ್ನು ಹಿಡಿದುಕೊಳ್ಳಬೇಕು; ಬೆಕ್ಕಿನ ಮರಿ ಸುಮ್ಮನಿದ್ದರೆ ಸಾಕು, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಮರ್ಕಟಕಿಶೋರ ನ್ಯಾಯ, ಮಾರ್ಜಾಲಕಿಶೋರ ನ್ಯಾಯ ಎಂದು ಅದಕ್ಕೆ ಹೆಸರೇ ಇದೆ. ಸ್ಟೇಟ್ ಸ್ಟ್ರೀಟಿನ ಬೋಧಕ ಹೇಳುವುದು ಬೆಕ್ಕಿನ ಮರಿಯ ಮಾತಿಗೆ ಹತ್ತಿರ. ಇನ್ನು ಕೊನೆಯಿಲ್ಲದ ನರಕ? ನಮ್ಮ ಉಡುಪಿಯ ಮಧ್ವಾಚಾರ್ಯರು ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರಾಗಿ ವಿಂಗಡಿಸಿದರು. ಮೂರನೆಯವರಿಗೆ ಅಂಧಂತಮಸ್ಸು, ಮರಳಿ ಬರುವ ದಾರಿಯಿಲ್ಲ. ಬೀದಿಯಲ್ಲಿ ನಿಂತು ಜನರನ್ನು ಗದರುವುದೂ ನಮಗೆ ಹೊಸತಲ್ಲ. ತಂಬೂರಿ ಹಿಡಿದು ಗೆಜ್ಜೆ ಕಟ್ಟಿ ಬೀದಿ ಬೀದಿ ತಿರುಗಿದ ಹರಿದಾಸರು ಮಡಿಯ ಸೋಗು ಹಾಕಿದವರನ್ನೂ ದುಡ್ಡಿಗೆ ಜೋತುಬಿದ್ದವರನ್ನೂ ಬಿಟ್ಟರೆ?

ಹಾಗಿದ್ದರೆ ಬೋಧಕನ ಮಾತನ್ನು ಒಪ್ಪಿಬಿಡುವುದೆ? ಇಲ್ಲ. ಆದರೆ ಒಪ್ಪದಿರುವುದಕ್ಕೆ ಕಾರಣ ಬೇಕು. ‘ಎಲ್ಲ ದೇವರೂ ಒಂದೇ’ ಎಂಬುದು ಕಾರಣವಲ್ಲ ಎಂದು ನನ್ನ ಮಗಳೇ ಎರಡು ನಿಮಿಷದಲ್ಲಿ ಕಂಡುಹಿಡಿದಳು. ಒಂದೇ ದಾರಿ ಎನ್ನುವವನ ಎದುರು ಎಲ್ಲ ದಾರಿಯೂ ಸರಿ ಎಂದರೆ, ‘ನಿನ್ನ ಮಾತು ತಪ್ಪು’ ಎಂದೇ ಹೇಳಿದ ಹಾಗಾಯಿತು; ನಯವಾಗಿ ಹೇಳಿದೆವು, ಅಷ್ಟೆ. ಅವನು ನೇರವಾಗಿ ಅಲ್ಲಗಳೆಯುತ್ತಾನೆ, ನಾವು ತಬ್ಬಿಕೊಂಡು ಅಲ್ಲಗಳೆಯುತ್ತೇವೆ. ವಿವೇಕಾನಂದರ ಹೆಸರು ಹೇಳಿದರೂ ಇದು ತಪ್ಪುವುದಿಲ್ಲ. 1893ರ ಬೇಸಿಗೆಯಲ್ಲಿ, ವಿಶ್ವಮೇಳಕ್ಕೆ ಬಂದ ಜನರಿಗಾಗಿ ಮೂಡಿಯವರು ಚಿಕಾಗೋದ ನಾಟಕಶಾಲೆಗಳಲ್ಲಿ, ಡೇರೆಗಳಲ್ಲಿ ಪಾಪ ಮತ್ತು ರಕ್ಷಣೆಯ ವಿಚಾರ ಸಾರುತ್ತಿದ್ದರು. ಅದೇ ಸೆಪ್ಟೆಂಬರಿನಲ್ಲಿ, ಅದೇ ಊರಿನಲ್ಲಿ, ಮನುಷ್ಯನನ್ನು ಪಾಪಿ ಎಂದು ಕರೆಯುವುದನ್ನೇ ವಿವೇಕಾನಂದರು ನಿರಾಕರಿಸಿದರು. ಇಬ್ಬರೂ ಒಂದೇ ಮಾತು ಹೇಳಿದರು ಎನ್ನುವುದು ಇಬ್ಬರಿಗೂ ಮಾಡುವ ಅವಮಾನ. ಸ್ವಾಮೀಜಿ ‘ಹೌದು ಹೌದು’ ಎಂದು ತಲೆಯಾಡಿಸಿ ಹೋಗಲಿಲ್ಲ. ಎದ್ದು ನಿಂತು ‘ಅಲ್ಲ’ ಎಂದರು, ಕಾರಣ ಕೊಟ್ಟರು.

ನನಗೆ ತೋಚುವ ಕಾರಣಗಳು ಎರಡು. ಮೊದಲನೆಯದು ಅಳತೆಯದು. ಎಪ್ಪತ್ತೆಂಟು ವರ್ಷ ಬಾಳಿದವರ ತಪ್ಪುಗಳಿಗೂ ಒಂದು ಅಳತೆಯಿದೆ. ಅವಕ್ಕೆ ಕೊನೆಯಿಲ್ಲದ ಶಿಕ್ಷೆ ಹೇಗೆ ನ್ಯಾಯ? ಅಪರಾಧ ನಡೆದದ್ದು ಅನಂತನಾದ ದೇವರಿಗೆ, ಆದ್ದರಿಂದ ಶಿಕ್ಷೆಯೂ ಅನಂತ ಎಂದು ಅವರ ಪಂಡಿತರು ಉತ್ತರ ಕೊಡುತ್ತಾರೆ. ಆದರೆ ನಮ್ಮ ಮನೆಯ ಮಕ್ಕಳನ್ನೇ ತೆಗೆದುಕೊಳ್ಳಿ. ದೊಡ್ಡವರಿಗೆ ಎದುರಾಡಿದರು ಎಂದು ದೊಡ್ಡವರ ದೊಡ್ಡತನಕ್ಕೆ ತಕ್ಕಂತೆ ಶಿಕ್ಷೆ ಕೊಡುತ್ತೇವೆಯೆ? ಮಗುವಿನ ವಯಸ್ಸು, ತಿಳಿವಳಿಕೆ ನೋಡಿ ಕೊಡುತ್ತೇವೆ. ದೊಡ್ಡವರಾದಷ್ಟೂ ಕ್ಷಮೆ ಹೆಚ್ಚಬೇಕು ಎಂಬುದೇ ನಮ್ಮ ಅನುಭವ.

ಎರಡನೆಯದು ಹುಟ್ಟಿನದು. ನಮ್ಮಮ್ಮ ಹುಟ್ಟಿದ್ದು ಮಲೆನಾಡಿನ ಒಂದು ಹಳ್ಳಿಯಲ್ಲಿ. ಅವರು ಟೆನೆಸಿಯಲ್ಲಿ ಹುಟ್ಟಿದ್ದರೆ ಅದೇ ಭಕ್ತಿಯಿಂದ ಯೇಸುವನ್ನು ನಂಬಿರುತ್ತಿದ್ದರು. ಆ ಬೋಧಕ ಶೃಂಗೇರಿಯಲ್ಲಿ ಹುಟ್ಟಿದ್ದರೆ, ಅವನ ಆವೇಶ ನೋಡಿದರೆ, ನಮಗೆಲ್ಲ ಆಚಾರ ಹೇಳಿಕೊಡುತ್ತಿದ್ದ. ಹುಟ್ಟುವ ಊರನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಆರಿಸಿಕೊಳ್ಳದ್ದಕ್ಕೆ ಶಿಕ್ಷೆ ಕೊಡುವವನನ್ನು ನ್ಯಾಯವಂತ ಎನ್ನಲು ನನಗೆ ನಾಲಿಗೆ ಬರುವುದಿಲ್ಲ. ಇದೇ ಪ್ರಶ್ನೆಯನ್ನು ಮಧ್ವರ ತಮೋಯೋಗ್ಯರ ವಿಷಯದಲ್ಲೂ ಕೇಳಬೇಕು, ಜಾತಿಯ ವಿಷಯದಲ್ಲಂತೂ ಮೊದಲು ಕೇಳಬೇಕು. ಹುಟ್ಟಿನ ಕಾರಣಕ್ಕೆ ಮನುಷ್ಯರನ್ನು ಹೊರಗೆ ನಿಲ್ಲಿಸಿದ ನಾವು ಈ ಪ್ರಶ್ನೆಯನ್ನು ಪಕ್ಕದವನ ಮನೆಗೆ ಮಾತ್ರ ಕಳಿಸಿದರೆ ಅದು ಪ್ರಾಮಾಣಿಕವಲ್ಲ.

ಕ್ರೈಸ್ತರೂ ಈ ಪ್ರಶ್ನೆ ಕೇಳಿಕೊಂಡಿದ್ದಾರೆ ಎಂಬುದು ಓದುವಾಗ ತಿಳಿಯಿತು. 1964ರಲ್ಲಿ ಎರಡನೆಯ ವ್ಯಾಟಿಕನ್ ಸಭೆ, ತಮ್ಮದಲ್ಲದ ತಪ್ಪಿನಿಂದ ಸುವಾರ್ತೆ ತಿಳಿಯದೆ, ಅಂತಃಸಾಕ್ಷಿಯಂತೆ ದೇವರನ್ನು ಅರಸುವವರಿಗೂ ರಕ್ಷಣೆ ಸಾಧ್ಯ ಎಂದು ಒಪ್ಪಿತು. ಸಂಪ್ರದಾಯಸ್ಥ ಪ್ರಾಟೆಸ್ಟೆಂಟರಲ್ಲಿ ಬಹು ಗೌರವ ಪಡೆದ ಇಂಗ್ಲೆಂಡಿನ ಜಾನ್ ಸ್ಟಾಟ್ 1988ರಲ್ಲಿ, ನರಕವೆಂದರೆ ಕೊನೆಯಿಲ್ಲದ ಯಾತನೆಯಲ್ಲ, ಇಲ್ಲವಾಗಿ ಹೋಗುವುದು ಇರಬಹುದು ಎಂದು ಅಳುಕುತ್ತಲೇ ಬರೆದರು. ಅವರ ಕಡೆಯವರೇ ಹಲವರು ಮುನಿಸಿಕೊಂಡರು. ಅಂದರೆ ಮೆಗಾಫೋನಿನಲ್ಲಿ ಕೇಳಿದ್ದು ಕ್ರೈಸ್ತ ಧರ್ಮದಲ್ಲಿರುವ ಒಂದು ಮಾತು, ಎಲ್ಲ ಕ್ರೈಸ್ತರ ಮಾತಲ್ಲ.

ಇನ್ನು ಹೇಳುವ ರೀತಿ. ನಮ್ಮ ಡೆಟ್ರಾಯಿಟ್ ಮಿತ್ರರಿಗೆ ನೆನಪಿರಬಹುದು. 2012ರ ಜೂನ್‌ನಲ್ಲಿ ಡಿಯರ್‌ಬಾರ್ನ್‌ನ ಅರಬ್ ಉತ್ಸವಕ್ಕೆ ‘ಬೈಬಲ್ ಬಿಲೀವರ್ಸ್’ ಎಂಬ ಗುಂಪಿನವರು ಕೋಲಿಗೆ ಹಂದಿಯ ತಲೆ ಸಿಕ್ಕಿಸಿಕೊಂಡು, ಇಸ್ಲಾಮನ್ನು ಹಳಿಯುವ ಬೋರ್ಡು ಹಿಡಿದು ಬಂದರು. ಹುಡುಗರು ಅವರ ಮೇಲೆ ಬಾಟಲಿ ಎಸೆದರು. ಪೊಲೀಸರು ಬೋಧಕರನ್ನೇ ಜಾಗ ಬಿಡಿಸಿದರು. 2015ರ ಅಕ್ಟೋಬರಿನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟು, ಎಸೆದವರನ್ನು ತಡೆಯುವ ಬದಲು ಮಾತಾಡಿದವರನ್ನು ಹೊರಗಟ್ಟಿದ್ದು ತಪ್ಪು ಎಂದು ಹೇಳಿತು. ಚಿಕಾಗೋದಲ್ಲೂ 2018ರ ಡಿಸೆಂಬರಿನಲ್ಲಿ ವೀಟನ್ ಕಾಲೇಜಿನ ವಿದ್ಯಾರ್ಥಿಗಳು ಅದೇ ಬೀನ್ ಹತ್ತಿರ ಮಾತಾಡುತ್ತ, ಹಸ್ತಪತ್ರ ಹಂಚುತ್ತ ನಿಂತಾಗ ಪಾರ್ಕಿನವರು ತಡೆದರು. 2020ರ ಫೆಬ್ರವರಿಯಲ್ಲಿ ಕೋರ್ಟು ಆ ನಿರ್ಬಂಧಕ್ಕೆ ತಡೆ ಹಾಕಿತು. ಎರಡೂ ತೀರ್ಪು ಸರಿಯೆಂದೇ ನನಗೆ ಕಾಣುತ್ತದೆ. ನಮ್ಮ ಗಣೇಶನ ಮೆರವಣಿಗೆ ಬೀದಿಗೆ ಬರಲು ಬೇಕಾದದ್ದೂ ಇದೇ ಸ್ವಾತಂತ್ರ್ಯ. ಆದರೆ ಕಾನೂನು ಬಿಟ್ಟದ್ದೆಲ್ಲ ಧರ್ಮವಾಗುವುದಿಲ್ಲ. ಹಸ್ತಪತ್ರ ಕೊಟ್ಟವನು ಎದುರಿನವನು ಓದಲಿ ಎಂದು ಬಯಸುತ್ತಾನೆ. ಹಂದಿಯ ತಲೆ ತಂದವನು ಎದುರಿನವನು ನೋಯಲಿ ಎಂದು ಬಯಸುತ್ತಾನೆ. ಬಾವಿಗೆ ಬೀಳುವವನನ್ನು ಉಳಿಸಬೇಕೆನ್ನುವವನು ಅವನ ಮೇಲೆ ಕಲ್ಲೆಸೆಯುವುದಿಲ್ಲ. ಪ್ರೀತಿಯಿಂದ ಎಚ್ಚರಿಸುತ್ತಿದ್ದೇನೆ ಎಂಬ ಮಾತಿಗೆ ಪರೀಕ್ಷೆ ಇದು: ಎಚ್ಚರಿಸಿದ ಮೇಲೆ ಆತ ಎದುರಿನವನ ಮಾತಿಗೆ ಕಿವಿ ಕೊಡುತ್ತಾನೆಯೆ?

ಕಿವಿ ಕೊಟ್ಟವರನ್ನು ನಮ್ಮ ನಾಡು ನೋಡಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ನಂಬಿಕೆ ಸ್ಟೇಟ್ ಸ್ಟ್ರೀಟಿನವನ ನಂಬಿಕೆಗಿಂತ ಬಹಳ ದೂರದ್ದಲ್ಲ. ಅವರೂ ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಸಾರಿದರು. 1844ರಲ್ಲಿ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ ಕ್ರೈಸ್ತರಾದಾಗ ಮಂಗಳೂರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಮನೆಗಳು ಒಡೆದದ್ದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅವರಿಗೆ ದೀಕ್ಷೆ ಕೊಟ್ಟ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದರು. ಹಳಗನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ತಂದರು. 1850ರಲ್ಲಿ ದಾಸರ ಪದಗಳನ್ನೇ ಅಚ್ಚು ಹಾಕಿಸಿದರು! ತಾವು ಸಾರಿದ ದಾರಿಗೆ ಎದುರಾದ ದಾರಿಯ ಹಾಡುಗಳನ್ನು ಕೇಳಿ, ಕೂಡಿಸಿ, ಉಳಿಸಿದರು. ಅವರ ಹಿಂದೆ 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ 1894ರಲ್ಲಿ ನಮಗೆ ನಿಘಂಟು ಕೊಟ್ಟರು. ಅದರಲ್ಲಿ ಸುಮಾರು 70,000 ಪದಗಳಿವೆ. ಇಬ್ಬರೂ ಕೊನೆಯತನಕ ತಮ್ಮ ನಂಬಿಕೆ ಬಿಡಲಿಲ್ಲ. ನಾವೂ ನಮ್ಮದನ್ನು ಬಿಡಬೇಕಾಗಿಲ್ಲ. ಒಪ್ಪದೆಯೂ ಪೂರ್ತಿ ಕೇಳಬಹುದು, ಕೇಳಿಯೂ ಒಪ್ಪದಿರಬಹುದು ಎಂಬುದಕ್ಕೆ ನಮ್ಮ ಕಪಾಟಿನ ಕಿಟ್ಟೆಲ್ ಕೋಶವೇ ಸಾಕ್ಷಿ.

ಕಡೆಗೆ ಮಗಳಿಗೆ ಏನು ಹೇಳಿದೆ? ಒಂದು ಭಾನುವಾರ ಬೆಳಿಗ್ಗೆ, ದೋಸೆ ಹುಯ್ಯುತ್ತಿರುವಾಗ, ನಾನೇ ಮಾತು ತೆಗೆದೆ. “ಆ ಅಂಕಲ್ ಸುಳ್ಳು ಹೇಳಲಿಲ್ಲ. ಸುಳ್ಳು ಅಂದ್ರೆ ಗೊತ್ತಿದ್ದೂ ತಪ್ಪು ಹೇಳೋದು. ಅವರು ಅದನ್ನ ನಿಜ ಅಂತಲೇ ನಂಬಿದಾರೆ, ನಮಗೆ ಒಳ್ಳೇದಾಗಲಿ ಅಂತಲೇ ಹೇಳಿದಾರೆ. ನಾವು ಹಾಗೆ ನಂಬಲ್ಲ” ಎಂದು, ಮೇಲೆ ಬರೆದ ಎರಡು ಕಾರಣಗಳನ್ನು ಅವಳಿಗೆ ತಿಳಿಯುವ ಹಾಗೆ ಹೇಳಿದೆ. “ಹಾಗಾದ್ರೆ ಅಜ್ಜಿ ಎಲ್ಲಿದಾರೆ?” ಎಂದಳು. ನಾನು ಮತ್ತೆ ತಡವರಿಸಿದೆ. ಈ ಸಲ ಅಪ್ಪ ಬಾಯಿ ಬಿಟ್ಟರು.

“ನನಗೆ ಗೊತ್ತಿಲ್ಲ ಪುಟ್ಟಿ. ನಲವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟೆ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಮಕ್ಕಳಿಗೆ ಹೇಳಬಾರದು. ಗೊತ್ತಿರೋದು ಹೇಳ್ತೀನಿ ಕೇಳು.”

ಅವರು ಹೇಳಿದ್ದು ಪಕ್ಕದ ಮನೆಯ ಕೊಂಕಣಿ ಬಾಯಿಯ ವಿಷಯ. ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಯಿಂದ ಕುಸ್ವಾರ್ ತಿಂಡಿ ಬರುತ್ತಿತ್ತು. ಅಮ್ಮ ಆ ತಟ್ಟೆಯನ್ನು ಒಂದು ಸಲವೂ ಬರಿದಾಗಿ ಕಳಿಸಿದವರಲ್ಲ. ಬಾಯಿಯ ಗಂಡ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ಅವರ ಮಕ್ಕಳ ಊಟ ನಮ್ಮ ಮನೆಯಲ್ಲೇ. ಅಮ್ಮ ಹೋದಾಗ ಆಕೆ ತಮ್ಮ ಚರ್ಚಿನಲ್ಲಿ ಅಮ್ಮನ ಹೆಸರಿನಲ್ಲಿ ಪೂಜೆ ಹೇಳಿಸಿದರಂತೆ. “ಅವರೂ ಆ ಅಂಕಲ್ ಹೇಳಿದ ಜೀಸಸ್ಸನ್ನೇ ನಂಬಿದವರು. ನಿನ್ನ ಅಜ್ಜಿಯನ್ನ ದೇವರು ಕೈಬಿಟ್ಟಿದಾನೆ ಅಂತ ಅವರಿಗೆ ಅನ್ನಿಸಲಿಲ್ಲ” ಎಂದರು ಅಪ್ಪ. ನಮಗೂ ಈ ಸಂಗತಿ ಗೊತ್ತಾದದ್ದು ಅವತ್ತೇ.

ಮಗಳು ಸ್ವಲ್ಪ ಹೊತ್ತು ಯೋಚಿಸಿ, “ನೆಕ್ಸ್ಟ್ ಟೈಮ್ ಆ ಅಂಕಲ್‌ಗೆ ಇದನ್ನ ಹೇಳ್ಲಾ?” ಎಂದಳು. ಹೇಳು, ಆದರೆ ಅವರು ಹೇಳುವುದನ್ನೂ ಪೂರ್ತಿ ಕೇಳು ಎಂದೆ.

ನಮ್ಮ ಮಕ್ಕಳಿಗೆ ಈ ಪ್ರಶ್ನೆ ಶಾಲೆಯ ಬಸ್ಸಿನಲ್ಲೋ ಕೆಫೆಟೀರಿಯಾದಲ್ಲೋ ಎದುರಾಗಿಯೇ ಆಗುತ್ತದೆ. ಕಳಸ, ಕೋಲಾಟ ಕಲಿಸುವ ನಾವು ಕಾರಣಗಳನ್ನೂ ಕಲಿಸಬೇಕಲ್ಲವೆ? ನಿಮ್ಮ ಮನೆಯಲ್ಲಿ ಕೇಳಿದಾಗ ನೀವು ಏನು ಹೇಳಿದಿರಿ? ದಯವಿಟ್ಟು ಮುಂದಿನ ಸಂಚಿಕೆಗೆ ಬರೆಯಿರಿ. ನನ್ನ ಉತ್ತರದಲ್ಲಿ ಹುಳುಕಿದ್ದರೆ ಅದನ್ನೂ ಬರೆಯಿರಿ, ಪೂರ್ತಿ ಓದುತ್ತೇನೆ.